ಗೇಟಿನ ಮೋಷನ್ ಸೆನ್ಸರ್ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ, ಕೊಳ್ಳುವ ಮುನ್ನದ ವಿಚಾರ

ಗೇಟಿನಿಂದ ಪೋರ್ಚಿನವರೆಗೆ ಗಾಡಿ ಬರುವ ದಾರಿಯನ್ನು ಕಾಯಲೆಂದು ಹೊರಗೋಡೆಗೆ ಹಾಕಿಸಿದ ಮೋಷನ್ ಸೆನ್ಸರ್ ಬಗ್ಗೆ ವಿಜಯಪುರದಲ್ಲಿ ನಾನು ಕೇಳುವ ದೂರುಗಳು ಎರಡೇ: ಮನುಷ್ಯ ಬಂದಾಗ ಅದು ಸುಮ್ಮನಿರುತ್ತದೆ, ಯಾರೂ ಬಾರದಿದ್ದಾಗ ಮನೆಯೊಳಗಿನ ಬೆಲ್ ಬಡಿಯುತ್ತದೆ. ಎರಡೂ ದೂರಿಗೆ ಎಲೆಕ್ಟ್ರಿಷಿಯನ್ ಕೊಡುವ ಉತ್ತರ ಬಹುತೇಕ ಒಂದೇ ಆಗಿರುತ್ತದೆ: “ಸೆನ್ಸರ್ ಹೋಗೇತ್ರಿ ಸರ, ಹೊಸಾದ ಹಾಕೂಣು.” ನಮ್ಮ ಮನೆಯಲ್ಲಿ ಮೊದಲು ಪಿಐಆರ್ ಸೆನ್ಸರ್, ಅಂದರೆ ಮೈಶಾಖದಿಂದ ಚಲನೆ ಹಿಡಿಯುವಂಥದು, ಇತ್ತು. ಅದು ಕೆಟ್ಟಿದೆಯೆಂದು ತೆಗೆಸಿ, ರೇಡಿಯೋ ತರಂಗದಿಂದ ಚಲನೆ ಹಿಡಿಯುವ ಮೈಕ್ರೋವೇವ್ ಸೆನ್ಸರ್ ಹಾಕಿಸಿದೆ. ಅದೂ ಕೆಟ್ಟಿದೆ ಎಂಬ ಮಾತು ಬಂದಾಗ ಮೂರನೆಯದಕ್ಕೆ ದುಡ್ಡು ಕೊಡುವ ಬದಲು ಎರಡನ್ನೂ ಮೇಜಿನ ಮೇಲಿಟ್ಟು ಪರೀಕ್ಷಿಸಿದೆ. ಎರಡೂ ಸರಿಯಾಗಿಯೇ ಇದ್ದವು. ತಪ್ಪಿದ್ದದ್ದು ಅವನ್ನು ನಿಲ್ಲಿಸಿದ ಜಾಗ ಮತ್ತು ಅವುಗಳಿಂದ ನಾವು ಬಯಸಿದ ಕೆಲಸ. ಆ ತಪ್ಪು ಯಾವುದೆಂದು ತಿಳಿಯಲು ನನಗೆ ನೆರವಾದದ್ದು ಮಲ್ಟಿಮೀಟರ್‌ಗಿಂತ ಹೆಚ್ಚಾಗಿ ಗಡಿಯಾರ.

ಮನೆಯ ಚಿತ್ರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಮಾತೆಲ್ಲ ಅದನ್ನು ಅವಲಂಬಿಸಿದೆ. ಮನೆಗೆ ಪಶ್ಚಿಮದ ಬಾಗಿಲು. ಗೇಟಿನಿಂದ ಪೋರ್ಚಿಗೆ 14 ಮೀಟರ್ ದೂರ, ನೆಲಕ್ಕೆ ಫರ್ಸಿ ಕಲ್ಲಿನ ಹಾಸು, ಗೇಟು ತಗಡಿನದು, ಕಾಂಪೌಂಡಿನ ಒಂದು ಬದಿಗೆ ಬೇವಿನ ಗಿಡ, ಪೋರ್ಚಿನ ಕಂಬದ ಪಕ್ಕದಲ್ಲಿಯೇ ಮೇಲಿನ ಟಾಕಿಗೆ ಏರುವ ಪ್ಲಾಸ್ಟಿಕ್ ಪೈಪು. ಎರಡೂ ಸೆನ್ಸರ್‌ಗಳನ್ನು ಅದೇ ಕಂಬಕ್ಕೆ, ನೆಲದಿಂದ ಎರಡೂಕಾಲು ಮೀಟರ್ ಎತ್ತರದಲ್ಲಿ, ಗೇಟಿನ ಕಡೆಗೆ ಮುಖ ಮಾಡಿ ಕೂಡಿಸಲಾಗಿತ್ತು.

ಮುಟ್ಟುವ ಮೊದಲು ವಹಿ ಬರೆಯುವುದು

ದೋಷ ಕಂಡ ಕೂಡಲೇ ಜನ ಮಾಡುವ ಮೊದಲ ಕೆಲಸ ಸೆನ್ಸರ್‌ನ ಹಿಂಬದಿಯ ತಿರುಪನ್ನು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ತಿರುಗಿಸುವುದು. ಹಾಗೆ ಮಾಡಿದರೆ ಇದ್ದ ಒಂದು ದೋಷದ ಜೊತೆಗೆ ಇನ್ನೊಂದು ಸೇರಿ, ಯಾವುದು ಯಾವುದರಿಂದ ಬಂತೆಂಬುದು ತಿಳಿಯದಾಗುತ್ತದೆ. ಅದರ ಬದಲು ಕನಿಷ್ಠ ಒಂದು ವಾರ, ಸಾಧ್ಯವಿದ್ದರೆ ಎರಡು ವಾರ, ಏನನ್ನೂ ಮುಟ್ಟದೆ ಒಂದು ವಹಿಯಲ್ಲಿ ಬೆಲ್ ಆದ ಹೊತ್ತು, ಆಗಬೇಕಾಗಿದ್ದೂ ಆಗದ ಹೊತ್ತು, ಆಗಿನ ಬಿಸಿಲು ಮತ್ತು ಗಾಳಿ, ಕರೆಂಟು ಹೋಗಿ ಬಂದಿತ್ತೇ ಎಂಬುದು, ಇಷ್ಟನ್ನು ಬರೆದಿಡಬೇಕು. ನಮ್ಮ ವಹಿಯಲ್ಲಿ ಏಪ್ರಿಲ್ ತಿಂಗಳ ಕೆಲವು ಸಾಲುಗಳು ಹೀಗಿದ್ದವು:

ಬೆಳಿಗ್ಗೆ 9.50, ಪೋಸ್ಟ್‌ಮನ್ ಪೋರ್ಚಿನವರೆಗೆ ಬಂದರು, ಬೆಲ್ ಇಲ್ಲ.
ಮಧ್ಯಾಹ್ನ 2.30, ಕೊರಿಯರ್ ಹುಡುಗ ಬಂದ, ಬೆಲ್ ಆಯಿತು.
ಸಂಜೆ 5.40, ಯಾರೂ ಇಲ್ಲ, ಬೆಲ್ ಆಯಿತು, ಸೂರ್ಯನಿಗೆ ಮೋಡ ಅಡ್ಡ ಬಂದು ಸರಿಯಿತು.
ಸಂಜೆ 7.45, ಮಗ ಗೇಟು ತೆಗೆದು ಬಂದ, ಬೆಲ್ ಇಲ್ಲ.

ಇವು ಪಿಐಆರ್ ಇದ್ದಾಗಿನವು. ಮೈಕ್ರೋವೇವ್ ಇದ್ದಾಗಿನ ಸಾಲುಗಳು ಬೇರೆಯೇ ಆಗಿದ್ದವು, ಅವುಗಳಲ್ಲಿ ನಸುಕಿನ 4.50ರ ಒಂದು ಸಾಲಿನ ಕಥೆ ಮುಂದೆ ಬರುತ್ತದೆ. ಎರಡನೆಯ ಸಾಲನ್ನು ಓದುಗರು ಇನ್ನೊಮ್ಮೆ ನೋಡಬೇಕು. ಸುಡುಬಿಸಿಲಿನ ಎರಡೂವರೆಗೆ ಕೆಲಸ ಮಾಡಿದ ಸೆನ್ಸರ್ ಅದಕ್ಕಿಂತ ತಂಪಾದ ಹತ್ತು ಗಂಟೆಗೆ ಏಕೆ ಮಲಗಿತು?

ಪಿಐಆರ್ ಮನುಷ್ಯನನ್ನು ಕಾಣದಿದ್ದರೆ

ಪಿಐಆರ್ ಸೆನ್ಸರ್ ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ. ಎದುರಿಗಿನ ವಸ್ತುಗಳು ಹೊರಸೂಸುವ ಶಾಖದ ಕಿರಣವನ್ನು, ಅಂದರೆ ಸುಮಾರು 8ರಿಂದ 14 ಮೈಕ್ರೋಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಅನ್ನು, ಅದು ಬಿಳಿ ಪ್ಲಾಸ್ಟಿಕ್ಕಿನ ಫ್ರೆನೆಲ್ ಲೆನ್ಸ್ ಮೂಲಕ ಒಳಗಿನ ಎರಡು ಪುಟ್ಟ ಹರಳುಗಳ ಮೇಲೆ ಬೀಳಿಸಿಕೊಳ್ಳುತ್ತದೆ. ಆ ಎರಡು ಹರಳುಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಇಡೀ ಅಂಗಳ ಒಟ್ಟಾಗಿ ಕಾದರೆ ಅಥವಾ ತಣಿದರೆ ಎರಡರ ಸಂಕೇತಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಹಿನ್ನೆಲೆಗಿಂತ ಬೇರೆ ಉಷ್ಣತೆಯ ಒಂದು ಆಕಾರ ಒಂದು ಹರಳಿನ ನೋಟದಿಂದ ಇನ್ನೊಂದರ ನೋಟಕ್ಕೆ ಸರಿದಾಗ ಮಾತ್ರ ಸಂಕೇತ ಹುಟ್ಟುತ್ತದೆ. ಈ ಒಂದು ವಾಕ್ಯದಲ್ಲಿ ಎರಡು ದೋಷಗಳ ಬೇರು ಇದೆ.

ಮೊದಲನೆಯದು, ಉಷ್ಣತೆಯ ಅಂತರ. ಬಿಸಿಲು ಜಾಸ್ತಿಯಾದಂತೆ ಪಿಐಆರ್ ಕುರುಡಾಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಸೆನ್ಸರ್‌ಗೆ ಗಾಳಿಯ ಉಷ್ಣತೆ ಕಾಣುವುದಿಲ್ಲ, ಅದಕ್ಕೆ ಕಾಣುವುದು ಮನುಷ್ಯನ ಬೆನ್ನ ಹಿಂದಿನ ನೆಲ, ಗೋಡೆ, ಗೇಟು. ನಮ್ಮ ಮೈಯ ಮತ್ತು ಬಟ್ಟೆಯ ಹೊರಮೈ ಬೇಸಿಗೆಯಲ್ಲಿ 35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬಿಸಿಲು ಬಿದ್ದ ಫರ್ಸಿ ಕಲ್ಲು ಮಧ್ಯಾಹ್ನ 50 ಡಿಗ್ರಿ ದಾಟುತ್ತದೆ, ಬರಿಗಾಲಲ್ಲಿ ಅದರ ಮೇಲೆ ನಿಲ್ಲಲಾಗುವುದಿಲ್ಲ. ಆಗ ಮನುಷ್ಯ ಸೆನ್ಸರ್‌ನ ಕಣ್ಣಿಗೆ ಸುಡುವ ಹಾಸಿನ ಮೇಲೆ ಚಲಿಸುವ ಒಂದು ತಣ್ಣನೆಯ ಆಕಾರ. ಅಂತರ ಇದೆ, ಆದ್ದರಿಂದ ಬೆಲ್ ಆಗುತ್ತದೆ. ಆದರೆ ಬೆಳಿಗ್ಗೆ ಕಾಯುತ್ತ ಏರುವ ಕಲ್ಲೂ, ಸಂಜೆ ತಣಿಯುತ್ತ ಇಳಿಯುವ ಕಲ್ಲೂ ನಮ್ಮ ಮೈಯ ಉಷ್ಣತೆಯನ್ನು ಒಮ್ಮೊಮ್ಮೆ ದಾಟಿಯೇ ಹೋಗಬೇಕು. ಆ ಎರಡು ಹೊತ್ತಿನಲ್ಲಿ ಹಿನ್ನೆಲೆಗೂ ಮನುಷ್ಯನಿಗೂ ಅಂತರವೇ ಇರುವುದಿಲ್ಲ. ನಮ್ಮ ಅಂಗಳದಲ್ಲಿ ಆ ಹೊತ್ತುಗಳು ಬೆಳಿಗ್ಗೆ ಹತ್ತರ ಸುತ್ತ ಮತ್ತು ಸಂಜೆ ಏಳೂವರೆಯ ಸುತ್ತ ಬರುತ್ತಿದ್ದವು. ಹಿನ್ನೆಲೆಯಲ್ಲಿ ಇಡೀ ದಿನ ನೆರಳಿನ ಗೋಡೆಯೇ ಇದ್ದರೆ ಲೆಕ್ಕ ತಿರುಗುಮುರುಗಾಗಿ, ಗಾಳಿ 40 ಡಿಗ್ರಿ ಮುಟ್ಟುವ ನಡುಮಧ್ಯಾಹ್ನವೇ ಕುರುಡು ಹೊತ್ತಾಗುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಸಾಕು. ಬೆಲ್ ಆಗದ ಹೊತ್ತಿನಲ್ಲಿ ನೆಲಕ್ಕೂ ನಿಮ್ಮ ಅಂಗಿಯ ತೋಳಿಗೂ ಹಿಡಿದು ನೋಡಿ, ಎರಡು ಅಂಕಿಗಳ ನಡುವೆ ಎರಡು ಡಿಗ್ರಿಯೂ ಇಲ್ಲದಿದ್ದರೆ ಸೆನ್ಸರ್ ನಿರಪರಾಧಿ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯಲು ತಂದ ಗನ್ ಈ ಕೆಲಸಕ್ಕೆ ಸಾಮಾನ್ಯವಾಗಿ ಬಾರದು, ಅದರ ಅಳತೆಯ ಮಿತಿ ಮೈಬಿಸಿಯ ಸುತ್ತಮುತ್ತಲಿನಷ್ಟೇ. ಗ್ಯಾರೇಜಿನವರ ಬಳಿ ಇರುವಂಥದು ಬೇಕು.

ಎರಡನೆಯದು, ನಡೆಯುವ ದಿಕ್ಕು. ಸೆನ್ಸರ್ ಎದುರಿಗೆ ಅಡ್ಡಲಾಗಿ ನಡೆದವನು ಒಂದು ಹರಳಿನ ನೋಟದಿಂದ ಇನ್ನೊಂದಕ್ಕೆ ಬೇಗ ಸರಿಯುತ್ತಾನೆ. ನೇರವಾಗಿ ಸೆನ್ಸರ್ ಕಡೆಗೇ ನಡೆದು ಬರುವವನು ಬಹಳ ಹೊತ್ತು ಒಂದೇ ನೋಟದೊಳಗೆ ಇರುತ್ತಾನೆ. ಪೋರ್ಚಿನ ಕಂಬಕ್ಕೆ ಕೂಡಿಸಿ ಗೇಟಿನತ್ತ ಮುಖ ಮಾಡಿಸುವುದು ನೋಡಲು ಸರಿಯೆನಿಸುತ್ತದೆ, ನಮ್ಮೂರಿನಲ್ಲಿ ಹತ್ತರಲ್ಲಿ ಎಂಟು ಮನೆಗಳಲ್ಲಿ ನಾನು ಕಂಡದ್ದು ಹಾಗೆಯೇ. ಆದರೆ ಪಿಐಆರ್‌ಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಡಬ್ಬಿಯ ಮೇಲೆ ಬರೆದ 12 ಮೀಟರ್ ಎಂಬುದು ಅಡ್ಡ ನಡೆಯುವವನಿಗೆ, ತಂಪು ಹಿನ್ನೆಲೆಗೆ ಹೇಳಿದ ಮಾತು. ಅದೇ ಸೆನ್ಸರ್ ಅನ್ನು ಪಕ್ಕದ ಕಾಂಪೌಂಡ್ ಗೋಡೆಗೆ ಸರಿಸಿ, ಅದರ ನೋಟ ದಾರಿಯನ್ನು ಅಡ್ಡ ಕತ್ತರಿಸುವಂತೆ ಮಾಡಿದ ದಿನದಿಂದ ಸಂಜೆಯ ಕುರುಡು ಹೊತ್ತು ಒಂದೂವರೆ ಗಂಟೆಯಿಂದ ಅರ್ಧ ಗಂಟೆಗೆ ಇಳಿಯಿತು. ಸೆನ್ಸಿಟಿವಿಟಿ ತಿರುಪನ್ನು ನಾನು ಮುಟ್ಟಿರಲಿಲ್ಲ.

ದಸರಾ ಅಥವಾ ದೀಪಾವಳಿಗೆ ಮನೆಗೆ ಬಣ್ಣ ಬಳಿಸಿದ ಮೇಲೆ ಸೆನ್ಸರ್ ಒಮ್ಮೆಲೇ ಮೌನವಾದರೆ ಲೆನ್ಸ್ ಮೇಲೆ ಡಿಸ್ಟೆಂಪರ್ ಸಿಡಿದಿದೆಯೇ ನೋಡಬೇಕು. ಮಳೆಗೆ ಆಸರೆಯಾಗಲೆಂದು ಸೆನ್ಸರ್ ಎದುರಿಗೆ ಗಾಜಿನ ಅಥವಾ ಅಕ್ರಿಲಿಕ್ ಹಾಳೆಯ ಮುಚ್ಚಳ ಹಾಕಿದವರನ್ನೂ ಕಂಡಿದ್ದೇನೆ. ನಮ್ಮ ಕಣ್ಣಿಗೆ ಪಾರದರ್ಶಕವಾದ ಗಾಜು ಈ ಶಾಖದ ಕಿರಣಗಳಿಗೆ ಗೋಡೆಯಿದ್ದಂತೆ. ಲೆನ್ಸ್ ಅನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಥಿನ್ನರ್ ಮತ್ತು ಪೆಟ್ರೋಲ್ ಬೇಡ.

ಪಿಐಆರ್ ಸುಮ್ಮನೆ ಬಡಿದುಕೊಂಡರೆ

ಸಂಜೆ 5.40ರ ಸಾಲಿಗೆ ಕಾರಣ ಪಶ್ಚಿಮದ ಸೂರ್ಯ. ಇಳಿಬಿಸಿಲು ನೇರವಾಗಿ ಲೆನ್ಸ್‌ಗೆ ಹೊಡೆಯುತ್ತಿರುವಾಗ ಮೋಡ ಅಡ್ಡ ಬಂದು ಸರಿದರೆ, ಒಳಗಿನ ಹರಳುಗಳಿಗೆ ತಟ್ಟುವ ಶಾಖ ಒಮ್ಮೆಲೇ ಬದಲಾಗುತ್ತದೆ. ತಗಡಿನ ಗೇಟು, ಪತ್ರಾಸಿನ ಶೆಡ್ಡು ಕಾದಿರುವಾಗ ಬೀಸುವ ಗಾಳಿಯೂ, ಗಾಳಿಗೆ ಓಲಾಡುವ ಬೇವಿನ ಟೊಂಗೆಯೂ, ತಂತಿಯ ಮೇಲೆ ಒಣಹಾಕಿದ ಧೋತರವೂ ಇದೇ ಕೆಲಸ ಮಾಡುತ್ತವೆ. ಇಂಥಲ್ಲಿ ಸೆನ್ಸಿಟಿವಿಟಿ ಇಳಿಸುವುದು ತಪ್ಪು ಮದ್ದು, ಅದರಿಂದ ಕುರುಡು ಹೊತ್ತು ಇನ್ನಷ್ಟು ಉದ್ದವಾಗುತ್ತದೆ. ಲೆನ್ಸ್‌ನ ಯಾವ ಭಾಗ ಆ ಗೇಟನ್ನೋ ಟೊಂಗೆಯನ್ನೋ ನೋಡುತ್ತಿದೆಯೋ ಅಷ್ಟು ಭಾಗಕ್ಕೆ ಮಾತ್ರ ಒಳಗಿನಿಂದ ಇನ್ಸುಲೇಷನ್ ಟೇಪ್ ಅಂಟಿಸಬೇಕು. ಗೇಟಿನ ಸರಳುಗಳ ಆಚೆಯ ರಸ್ತೆ ಕಾಣುತ್ತಿದ್ದರೂ ಇದೇ ಉಪಾಯ.

ರಾತ್ರಿ ಎಂಟರಿಂದ ಹತ್ತರವರೆಗೆ ಬಿಟ್ಟುಬಿಟ್ಟು ಬೆಲ್ ಆಗಿ, ಹೊರಗೆ ಹೋಗಿ ನೋಡಿದರೆ ಯಾರೂ ಇಲ್ಲವೆಂದಾದರೆ ಸ್ಟೂಲ್ ಹಾಕಿಕೊಂಡು ಸೆನ್ಸರ್ ಹತ್ತಿರ ಹೋಗಿ ಐದು ನಿಮಿಷ ಸುಮ್ಮನೆ ನಿಂತು ನೋಡಿ. ನಾನು ಹಾಗೆ ನಿಂತಾಗ ಕಂಡದ್ದು ಇದು: ಪೋರ್ಚಿನ ಬಲ್ಬಿಗೆ ಹುಳ ಮುತ್ತಿದ್ದವು, ಹುಳ ತಿನ್ನಲು ಹಲ್ಲಿ ಬಂದಿತ್ತು, ಹಲ್ಲಿ ನೇರವಾಗಿ ಲೆನ್ಸ್ ಮೇಲೆಯೇ ಹೊಟ್ಟೆ ಊರಿ ಕಾಯುತ್ತ ಕುಳಿತು, ಹುಳ ಹತ್ತಿರ ಬಂದಾಗಲೆಲ್ಲ ಮುಂದಕ್ಕೆ ಹಾರುತ್ತಿತ್ತು, ಅದು ಹಾರಿದಾಗಲೆಲ್ಲ ಒಳಗೆ ಬೆಲ್ ಬಡಿಯುತ್ತಿತ್ತು. ಹಲ್ಲಿಯ ಮೈ ಬಿಸಿಯಲ್ಲ, ಆದರೆ ಲೆನ್ಸ್‌ಗೆ ಅಂಟಿಕೊಂಡ ಜೀವಿ ನೋಟದ ದೊಡ್ಡ ಪಾಲನ್ನೇ ಮುಚ್ಚುತ್ತದೆ. ಬಲ್ಬನ್ನು ಸೆನ್ಸರ್‌ನಿಂದ ಒಂದೂವರೆ ಮೀಟರ್ ದೂರಕ್ಕೆ ಸರಿಸಿದ ಮೇಲೆ ಹಲ್ಲಿಯೂ ಬಲ್ಬಿನ ಹಿಂದೆ ಹೋಯಿತು.

ಸೆನ್ಸರ್ ದೀಪವನ್ನೇ ಹೊತ್ತಿಸುವ ಮಾದರಿಯದಾಗಿದ್ದು, ದೀಪ ಹೊತ್ತಿ ಆರಿ ಮತ್ತೆ ಹೊತ್ತುತ್ತ ಇದ್ದರೆ, ದೀಪದ ಬಿಸಿ ಸೆನ್ಸರ್‌ನ ನೋಟದೊಳಗೇ ಇದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ದೀಪ ಆರಿದಾಗ ಅದು ತಣಿಯುವುದನ್ನು ಸೆನ್ಸರ್ ಚಲನೆಯೆಂದು ಎಣಿಸಿ ಮತ್ತೆ ಹೊತ್ತಿಸುತ್ತದೆ. ಹೊತ್ತಿದ ಕೂಡಲೇ ಆರಿ ಮಿಣುಕುವುದು ಬೇರೆ ದೋಷ: ಅಲ್ಲಿ ದೀಪದ ಬೆಳಕು ಸೆನ್ಸರ್‌ನ ಬೆಳಕಿನ ಕಣ್ಣಿಗೆ ಬಿದ್ದು, ಅದು ಹಗಲಾಯಿತೆಂದು ತಿಳಿಯುತ್ತದೆ. ಮೊದಲನೆಯದಕ್ಕೆ ದೀಪವನ್ನು ಸರಿಸಬೇಕು, ಎರಡನೆಯದಕ್ಕೆ ಎಷ್ಟು ಬೆಳಕಿದ್ದರೆ ಹಗಲೆಂದು ಎಣಿಸಬೇಕೆಂಬುದನ್ನು ನಿಗದಿಮಾಡುವ ಲಕ್ಸ್ ತಿರುಪನ್ನು ಹೊಂದಿಸಿದರೆ ಸಾಕಾಗಬಹುದು.

ಮೈಕ್ರೋವೇವ್ ಸೆನ್ಸರ್ ಮತ್ತು ನಳದ ನೀರು

ಮೈಕ್ರೋವೇವ್ ಸೆನ್ಸರ್ ತಾನೇ ರೇಡಿಯೋ ತರಂಗವನ್ನು ಬಿಟ್ಟು, ಮರಳಿ ಬಂದ ತರಂಗದ ಆವರ್ತನ ಎಷ್ಟು ಸರಿದಿದೆ ಎಂಬುದನ್ನು ನೋಡುತ್ತದೆ. 10.525 ಗಿಗಾಹರ್ಟ್ಸ್‌ನ ಸೆನ್ಸರ್ ಕಡೆಗೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನಡೆದು ಬಂದರೆ ಈ ವ್ಯತ್ಯಾಸ ಸುಮಾರು 70 ಹರ್ಟ್ಸ್. ಇಲ್ಲಿ ಬಿಸಿಲಿನ ಪ್ರಶ್ನೆಯೇ ಏಳುವುದಿಲ್ಲ. ಪಿಐಆರ್‌ಗೆ ತೀರಾ ವಿರುದ್ಧವಾಗಿ, ಇದು ತನ್ನತ್ತ ಬರುವವನನ್ನು ಚೆನ್ನಾಗಿ, ಅಡ್ಡ ಹೋಗುವವನನ್ನು ಕಡಿಮೆ ಹಿಡಿಯುತ್ತದೆ. ಹಾಗಾಗಿ ಎಲೆಕ್ಟ್ರಿಷಿಯನ್ ಹಳೆಯ ಕಂಬಕ್ಕೇ ಇದನ್ನು ಕೂಡಿಸಿದ್ದು ದಿಕ್ಕಿನ ಮಟ್ಟಿಗೆ ಸರಿಯೇ ಆಗಿತ್ತು, ಆದರೆ ನೆರೆಹೊರೆ ಸರಿಯಿರಲಿಲ್ಲ.

ಗಾಳಿಗೆ ಗಡಗಡಿಸುವ ತಗಡಿನ ಗೇಟು ಮೈಕ್ರೋವೇವ್‌ಗೆ ದೊಡ್ಡದೊಂದು ಕನ್ನಡಿ. ಅದು ಒಂದೆರಡು ಸೆಂಟಿಮೀಟರ್ ಅಲುಗಿದರೂ ಮನುಷ್ಯ ಬಂದಂತೆ ಕಾಣುತ್ತದೆ. ಗೇಟಿನ ಚಿಲಕಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ತುಂಡು ಸಿಕ್ಕಿಸಿದ ಮೇಲೆ ಆ ಸಾಲುಗಳು ವಹಿಯಿಂದ ಮಾಯವಾದವು. ಹತ್ತಿರದಲ್ಲಿ ಹಳೆಯ ಟ್ಯೂಬ್‌ಲೈಟ್ ಇದ್ದರೆ ಅದೂ ಕಾರಣವಾಗಬಲ್ಲದು: 50 ಹರ್ಟ್ಸ್ ಕರೆಂಟಿನಲ್ಲಿ ಚೋಕ್ ಟ್ಯೂಬು ಸೆಕೆಂಡಿಗೆ 100 ಸಲ ಮಿಡಿಯುತ್ತದೆ, ಅದರೊಳಗಿನ ಉರಿಯುವ ಅನಿಲ ತರಂಗವನ್ನು ಅದೇ ಲಯದಲ್ಲಿ ಮರಳಿಸುತ್ತದೆ, ಮತ್ತು ಈ 100 ಎಂಬುದು ಚುರುಕಾಗಿ ನಡೆಯುವ ಮನುಷ್ಯನ ಅಂಕಿಗೆ ತೀರಾ ಸಮೀಪ.

ಉಳಿದದ್ದು ನಸುಕಿನ 4.50. ಗಾಳಿ ಇಲ್ಲ, ಟ್ಯೂಬ್ ಇಲ್ಲ, ನಾಯಿ ಇಲ್ಲ. ಮೂರು ದಿನ ಬೆಲ್ ಇಲ್ಲ, ನಾಲ್ಕನೆಯ ದಿನ ಅದೇ ಹೊತ್ತಿಗೆ ಅರ್ಧ ಗಂಟೆ ಬಿಟ್ಟುಬಿಟ್ಟು ಬಡಿಯುವುದು. ಕಳ್ಳನಾದರೆ ಇಷ್ಟು ಶಿಸ್ತಿನವನಾಗಿರಲಾರ ಎಂದು ಮನೆಯವರು ನಕ್ಕರು. ಆ ನಗುವಿನ ನಡುವೆಯೇ, ನಾಲ್ಕು ದಿನಕ್ಕೊಮ್ಮೆ ನಮ್ಮ ಓಣಿಯಲ್ಲಿ ಬರುವುದೇನು ಎಂಬ ಪ್ರಶ್ನೆಗೆ ಉತ್ತರ ಹೊಳೆಯಿತು: ನಳ. ನಳ ಬಂದ ಕೂಡಲೇ ಮೋಟಾರು ಹಾಕುತ್ತೇವೆ, ನೀರು ಸೆನ್ಸರ್ ಪಕ್ಕದ ಪ್ಲಾಸ್ಟಿಕ್ ಪೈಪಿನಲ್ಲಿ ಟಾಕಿಗೆ ಏರುತ್ತದೆ. ಮೈಕ್ರೋವೇವ್‌ಗೆ ಪ್ಲಾಸ್ಟಿಕ್ ಅಡ್ಡಿಯಲ್ಲ, ಅದರೊಳಗೆ ಹರಿಯುವ ನೀರು ಚಲಿಸುವ ವಸ್ತುವೇ. ಹಗಲಲ್ಲಿ ಬಕೆಟ್ ನೀರಿನಿಂದ ಮೋಟಾರು ನಡೆಸಿ ನೋಡಿದೆ, ಬೆಲ್ ಆಯಿತು. ಸೆನ್ಸರ್ ಅನ್ನು ಪೈಪಿನಿಂದ ದೂರ, ಕಂಬದ ಇನ್ನೊಂದು ಮಗ್ಗುಲಿಗೆ ಸರಿಸಿ, ಅದರ ವ್ಯಾಪ್ತಿಯ ತಿರುಪನ್ನು ಗೇಟಿನ ಒಳಗಂಚಿಗೆ ನಿಲ್ಲುವಂತೆ ಇಳಿಸಿದೆ.

ಬೀಮ್ ಸೆನ್ಸರ್: ಎರೆ ನೆಲ ಮತ್ತು ಸೂರ್ಯ

ಗೇಟಿನ ಎರಡೂ ಬದಿಗೆ ಒಂದು ಕಳುಹಿಸುವ, ಒಂದು ಸ್ವೀಕರಿಸುವ ಡಬ್ಬಿಯನ್ನಿಟ್ಟು ನಡುವಿನ ಇನ್‌ಫ್ರಾರೆಡ್ ಗೆರೆ ತುಂಡಾದರೆ ಬೆಲ್ ಆಗುವಂತೆ ಮಾಡುವ ಬೀಮ್ ಸೆನ್ಸರ್ ನಮ್ಮ ಬಿಸಿಲಿಗೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಎಂಬುದು ನನ್ನ ಅಭಿಪ್ರಾಯ. ಅದರ ದೋಷಗಳು ಬೇರೆ ಬಗೆಯವು, ಹೊತ್ತಿಗಿಂತ ತಿಂಗಳಿಗೆ ಅಂಟಿಕೊಂಡವು.

ಮೇ ತಿಂಗಳಲ್ಲಿ ಸರಿಯಿದ್ದ ಬೀಮ್ ಮಳೆಗಾಲ ಹಿಡಿದ ಮೇಲೆ ಕೈಕೊಟ್ಟರೆ ಮೊದಲು ಕಂಬಗಳಿಗೆ ತೂಗುಗುಂಡು ಹಿಡಿಯಬೇಕು. ವಿಜಯಪುರ, ಬಾಗಲಕೋಟೆ ಸೀಮೆಯ ಎರೆ ಮಣ್ಣು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿದು ಕುಗ್ಗುತ್ತದೆ, ಮಳೆ ಬಿದ್ದಾಗ ಉಬ್ಬುತ್ತದೆ. ಅದರಲ್ಲಿ ಒಂದಡಿ ಆಳಕ್ಕೆ ನೆಟ್ಟ ಕಂಬ ನೆಲದೊಂದಿಗೇ ವಾಲುತ್ತದೆ, ಕಂಬ ಒಂದೆರಡು ಡಿಗ್ರಿ ವಾಲಿದರೂ ಗೆರೆ ಗುರಿ ತಪ್ಪುತ್ತದೆ. ಬಿರುಕಿಗಿಂತ ಆಳಕ್ಕೆ ಅಡಿಪಾಯ ಇಳಿಸುವುದು, ಇಲ್ಲವೇ ಬುನಾದಿ ಇರುವ ಗೋಡೆಗೇ ಡಬ್ಬಿಗಳನ್ನು ಕೂಡಿಸುವುದು ಇದಕ್ಕೆ ಪರಿಹಾರ. ಗೇಟಿನ ಕಂಬ ಹತ್ತಿರವಿದೆಯೆಂದು ಅದಕ್ಕೇ ಕೂಡಿಸುವುದು ಬೇಡ, ಗೇಟು ದಡಾರನೆ ಹಾಕಿದಾಗಲೆಲ್ಲ ಅದು ಅದುರುತ್ತದೆ. ಒಳ್ಳೆಯ ಬೀಮ್‌ಗಳಲ್ಲಿ ಮಲ್ಟಿಮೀಟರ್ ಹಚ್ಚಿ ಗುರಿಯ ಬಲವನ್ನು ವೋಲ್ಟಿನಲ್ಲಿ ಓದುವ ತೂತು ಇರುತ್ತದೆ. ಕೂಡಿಸಿದ ದಿನದ ಅಂಕಿಯನ್ನು ಮುಚ್ಚಳದ ಒಳಮೈಗೆ ಬರೆದಿಟ್ಟರೆ ಮುಂದೆ ಕುಸಿತ ತಟ್ಟನೆ ತಿಳಿಯುತ್ತದೆ.

ಉತ್ತರ ಅಥವಾ ದಕ್ಷಿಣದ ಬಾಗಿಲಿನ ಮನೆಗಳಲ್ಲಿ ದಾರಿಗೆ ಅಡ್ಡ ಹಾಕಿದ ಬೀಮ್ ಪೂರ್ವ-ಪಶ್ಚಿಮವಾಗಿ ನಿಲ್ಲುತ್ತದೆ. ಸ್ವೀಕರಿಸುವ ಡಬ್ಬಿ ಪೂರ್ವಕ್ಕೆ ಮುಖ ಮಾಡಿದ್ದರೆ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯ ವಾರಗಳ ಆಸುಪಾಸಿನಲ್ಲಿ ಏರುವ ಸೂರ್ಯ ನೇರವಾಗಿ ಅದರ ಕಣ್ಣಿಗೆ ಹೊಡೆದು, ಬೆಳಗಿನ ಹೊತ್ತು ಮಾತ್ರ ಸುಳ್ಳು ಬೆಲ್ ಆಗಬಹುದು. ವರ್ಷದಲ್ಲಿ ಸೂರ್ಯೋದಯದ ಜಾಗ ನಮ್ಮಲ್ಲಿ ನೇರ ಪೂರ್ವದಿಂದ ಉತ್ತರಕ್ಕೂ ದಕ್ಷಿಣಕ್ಕೂ 24 ಡಿಗ್ರಿಯಷ್ಟು ಸರಿಯುವುದರಿಂದ ದೋಷ ಕೆಲವು ವಾರ ಕಂಡು ತಾನಾಗಿ ಮಾಯವಾಗುತ್ತದೆ, ರಿಪೇರಿಗೆ ಕರೆದವನು ಬರುವಷ್ಟರಲ್ಲಿ ಎಲ್ಲ ಸರಿಯಿರುತ್ತದೆ. ಎರಡು ಡಬ್ಬಿಗಳನ್ನು ಅದಲುಬದಲು ಮಾಡಿದರೆ ತೊಂದರೆ ಸಂಜೆಗೆ ಹೋಗುತ್ತದೆಯೇ ಹೊರತು ಕಳೆಯುವುದಿಲ್ಲ. ಬೀಮನ್ನೇ ಓರೆಯಾಗಿ ಹಾಕುವುದು ಉತ್ತಮ.

ಕಾಗೆ, ಹಾರುವ ಎಲೆ, ನಾಯಿಗಳ ಕಾಟಕ್ಕೆ ಎರಡು ಗೆರೆಗಳೂ ಒಟ್ಟಿಗೆ ತುಂಡಾದರೆ ಮಾತ್ರ ಬಡಿಯುವ ಜೋಡಿ ಬೀಮ್ ಬೇಕು. ಅದನ್ನು ನಾಯಿಯ ಬೆನ್ನಿಗಿಂತ ಮೇಲೆ ಕೂಡಿಸಬೇಕು. ಗೆರೆ ಎಷ್ಟು ಹೊತ್ತು ತುಂಡಾಗಿರಬೇಕೆಂಬ ತಿರುಪೂ ಇರುತ್ತದೆ. ಸಾಧಾರಣ ನಡಿಗೆಯವನ ಮೈ ಗೆರೆಯನ್ನು ಕಾಲು ಸೆಕೆಂಡ್ ಮುಚ್ಚುತ್ತದೆ, ಆದ್ದರಿಂದ 100 ಮಿಲಿಸೆಕೆಂಡ್ ಆಸುಪಾಸಿನಲ್ಲಿಟ್ಟರೆ ಓಡುವವನು ತಪ್ಪಬಹುದಾದರೂ ನಡೆಯುವವನು ತಪ್ಪಲಾರ. ಬಿಡಾಡಿ ದನ ಒಳಗೆ ಬಂದರೆ ಬೆಲ್ ಆಗಿಯೇ ಆಗುತ್ತದೆ, ಆಗಲಿ ಬಿಡಿ, ಹೂಗಿಡ ಉಳಿಯುತ್ತವೆ.

ಕರೆಂಟು, ತಂತಿ, ನೀರು

ಕರೆಂಟು ಹೋಗಿ ಬಂದ ಕೂಡಲೇ ಬಡಿಯುವುದು ದೋಷವಲ್ಲ. ಪಿಐಆರ್‌ಗೆ ಎಚ್ಚರಗೊಂಡು ಹಿನ್ನೆಲೆಗೆ ಹೊಂದಿಕೊಳ್ಳಲು ಅರ್ಧದಿಂದ ಒಂದು ನಿಮಿಷ ಬೇಕು. ಕೆಲವು ಸೆನ್ಸರ್ ದೀಪಗಳಲ್ಲಿ ಸ್ವಿಚ್ಚನ್ನು ಬೇಗಬೇಗನೆ ಎರಡು ಸಲ ಹಾಕಿ ತೆಗೆದರೆ ದೀಪ ಖಾಯಂ ಉರಿಯುವ ಏರ್ಪಾಡು ಇರುತ್ತದೆ. ಕರೆಂಟು ಕಣ್ಣುಮುಚ್ಚಾಲೆ ಆಡಿದಾಗ ಅದೇ ಸಂಕೇತ ಸಿಕ್ಕಂತಾಗಿ ದೀಪ ಮರುದಿನ ಮಧ್ಯಾಹ್ನದವರೆಗೂ ಉರಿಯುತ್ತದೆ. ಸ್ವಿಚ್ ಒಂದು ನಿಮಿಷ ಆರಿಸಿ ಹಾಕಿದರೆ ಸರಿಹೋಗುತ್ತದೆ.

ಕತ್ತಲಾದ ಮೇಲೆ ಮಾತ್ರ ಕಾಡುವ ದೋಷವಿದ್ದು, ಅದೇ ತಂತಿಯಲ್ಲಿ ಕ್ಯಾಮೆರಾಕ್ಕೂ 12 ವೋಲ್ಟ್ ಹೋಗುತ್ತಿದ್ದರೆ ಅಳೆದು ನೋಡಲೇಬೇಕು. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಎಲ್‌ಇಡಿಗಳು ಹೊತ್ತಿದಾಗ ಅದು ಎಳೆಯುವ ಕರೆಂಟು ಹೆಚ್ಚುತ್ತದೆ. ಇಂಟರ್‌ನೆಟ್ ಕೇಬಲ್ಲಿನ ಸಣ್ಣ ಎಳೆಗಳನ್ನೇ ಬಳಸಿದ್ದರೆ 30 ಮೀಟರ್ ಹೋಗಿ ಬರುವ ಹಾದಿಯ ರೋಧ ಐದು ಓಮ್ ದಾಟುತ್ತದೆ. ಅರ್ಧ ಆಂಪಿಯರ್ ಹರಿದರೆ ಎರಡೂವರೆ ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕಳೆದು, ಸೆನ್ಸರ್‌ಗೆ ತಲುಪುವುದು ಒಂಬತ್ತು ಚಿಲ್ಲರೆ. ಹಗಲಲ್ಲಿ ಅಳೆದವನಿಗೆ ಇದು ಕಾಣುವುದೇ ಇಲ್ಲ, ರಾತ್ರಿಯೇ, ಸೆನ್ಸರ್‌ನ ಕಾಲಿಗೇ ಮೀಟರ್ ಹಿಡಿಯಬೇಕು. 230 ವೋಲ್ಟಿನ ಸೆನ್ಸರ್ ಆದರೆ ಮುಚ್ಚಳ ತೆಗೆಯುವ ಮೊದಲು ಎಂಸಿಬಿ ಇಳಿಸಿ, ಟೆಸ್ಟರ್ ಹಚ್ಚಿ ನೋಡಿಯೇ ಕೈ ಹಾಕಬೇಕು. ಸ್ವಿಚ್ ಆರಿಸಿದರೆ ಸಾಕೆಂಬ ಭರವಸೆ ಬೇಡ, ಫೇಸ್ ಬದಲು ನ್ಯೂಟ್ರಲ್ ಅನ್ನು ಸ್ವಿಚ್ಚಿಗೆ ಕೊಟ್ಟ ಮನೆಗಳು ಕಡಿಮೆಯಿಲ್ಲ.

ನೀರಿನ ದೋಷ ಬೆಳಗಾವಿ ಕಡೆಯವರಿಗೆ ಹೆಚ್ಚು. ಅಲ್ಲಿನ ವಾರಗಟ್ಟಲೆಯ ಜಿಟಿಜಿಟಿ ಮಳೆಯಲ್ಲಿ ಲೆನ್ಸ್‌ನ ಒಳಮೈಗೆ ಹಬೆ ಕಟ್ಟುತ್ತದೆ. ಐಪಿ 65 ಎಂದು ಬರೆದಿದ್ದರೆ ಧೂಳು ಒಳಹೋಗದು, ಚಿಮ್ಮುವ ನೀರನ್ನೂ ತಡೆಯುತ್ತದೆ ಎಂದರ್ಥ. ಆದರೆ ತಂತಿ ತೂರಿಸಲು ಕೊರೆದ ತೂತನ್ನು ಮುಚ್ಚದೆ ಬಿಟ್ಟರೆ ಆ ಅಂಕಿಗೆ ಬೆಲೆಯಿಲ್ಲ. ತಂತಿಯನ್ನು ಕೆಳಗಿನಿಂದಲೇ, ಒಂದು ಬಾಗು ಕೊಟ್ಟು ಒಳಗೆ ತರಬೇಕು, ಮೇಲಂಚಿಗೆ ಸಿಲಿಕಾನ್ ಹಚ್ಚಬೇಕು, ಕೆಳಗಿನ ನೀರಿಳಿಯುವ ಸಣ್ಣ ಕಿಂಡಿಯನ್ನು ಮಾತ್ರ ಮುಚ್ಚಬಾರದು. ತಂತಿಯ ತೂತು ಬಿಗಿಯಾದರೆ ಇರುವೆಯೂ ಗೂಡು ಕಟ್ಟದು.

ಹೊಸದನ್ನು ಕೊಳ್ಳಬೇಕಾದರೆ

ಕಾರು ಬಂದದ್ದು ತಿಳಿದರೆ ಸಾಕು, ಮನುಷ್ಯ, ನಾಯಿ ಯಾವುದೂ ಬೇಡ ಎನ್ನುವವರು ನೆಲದಲ್ಲಿ ಹೂಳುವ ಮ್ಯಾಗ್ನೆಟಿಕ್ ಪ್ರೋಬ್ ಅನ್ನು ನೋಡಬಹುದು. ಕಬ್ಬಿಣದ ದೊಡ್ಡ ವಸ್ತು ಹಾದಾಗ ಭೂಕಾಂತತ್ವದಲ್ಲಾಗುವ ಏರುಪೇರನ್ನಷ್ಟೇ ಅದು ಹಿಡಿಯುತ್ತದೆ. ಮನುಷ್ಯನೂ ತಿಳಿಯಬೇಕೆಂದರೆ ನಮ್ಮ ಸೀಮೆಯ ಬಿಸಿಲಿಗೆ ಗೇಟಿನ ಬಳಿ ಜೋಡಿ ಬೀಮ್ ಹಾಕಿಸುವುದು ಮೇಲು. ಬೆಳಗಾವಿಯಂಥ ತಂಪಿನಲ್ಲಿ ದಾರಿಗೆ ಅಡ್ಡ ನೋಡುವ ಒಳ್ಳೆಯ ಪಿಐಆರ್ ಒಂದೇ ಸಾಕಾದೀತು, ಅಲ್ಲಿ ದಟ್ಟ ಮಂಜು ಬೀಮ್‌ಗೇ ತೊಂದರೆ ಕೊಡುತ್ತದೆ.

ಪಿಐಆರ್ ಮತ್ತು ಮೈಕ್ರೋವೇವ್ ಎರಡೂ ಸೇರಿದ ಡ್ಯುಯಲ್ ಸೆನ್ಸರ್ ಬಗ್ಗೆ ಅಂಗಡಿಯಲ್ಲಿ ಹೇಳುವ ಮಾತನ್ನು ಸ್ವಲ್ಪ ತಡೆದು ಕೇಳಬೇಕು. ಬಹುತೇಕ ಮಾದರಿಗಳು ಎರಡೂ ಹೌದೆಂದಾಗ ಮಾತ್ರ ಬಡಿಯುತ್ತವೆ. ಅದರಿಂದ ಸುಳ್ಳು ಬೆಲ್ ಕಡಿಮೆಯಾಗುತ್ತದೆ ನಿಜ, ಆದರೆ ಪಿಐಆರ್ ಕುರುಡಾದ ಹೊತ್ತಿನಲ್ಲಿ ಇಡೀ ಸೆನ್ಸರೇ ಕುರುಡು. ಬಿಸಿ ಏರಿದಾಗ ಮೈಕ್ರೋವೇವ್ ಒಂದನ್ನೇ ನಂಬುವ ಏರ್ಪಾಡು ಅದರಲ್ಲಿದೆಯೇ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು. ಬ್ಯಾಟರಿಯ ವೈರ್‌ಲೆಸ್ ಮಾದರಿಗಳನ್ನು ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ನಾನಂತೂ ಹಾಕಿಸಲಾರೆ.

ಕೆಟ್ಟಿದೆ ಎಂದು ಎಸೆಯುವ ಮೊದಲು

ಸೆನ್ಸರ್ ಅನ್ನು ಬಿಚ್ಚಿ ಒಳಗೆ ತಂದು, ಫ್ಯಾನ್ ಆರಿಸಿದ ಕೋಣೆಯಲ್ಲಿ ಮೇಜಿನ ಮೇಲಿಟ್ಟು, ಅದಕ್ಕೆ ಬೇಕಾದಷ್ಟೇ ವೋಲ್ಟೇಜನ್ನು ಬೇರೆ ಅಡಾಪ್ಟರ್‌ನಿಂದ ಕೊಡಿ. ಪಿಐಆರ್ ಆದರೆ ಎದುರಿಗೆ ರಟ್ಟಿನ ಡಬ್ಬಿ ಬೋರಲು ಹಾಕಿ ಎರಡು ನಿಮಿಷ ದೂರ ಹೋಗಿ, ಆ ಹೊತ್ತಿನಲ್ಲಿ ಅದು ಬಡಿಯಬಾರದು. ಡಬ್ಬಿ ತೆಗೆದು ಮೂರು ಮೀಟರ್ ದೂರದಲ್ಲಿ ಅಡ್ಡಲಾಗಿ ನಡೆಯಿರಿ, ಎರಡು ಮೂರು ಹೆಜ್ಜೆಯೊಳಗೆ ಬಡಿಯಬೇಕು. ಈ ಪರೀಕ್ಷೆಯನ್ನು ಬೆಳಗಿನ ತಂಪಿನಲ್ಲಿ ಮಾಡಬೇಕೇ ಹೊರತು, ಕೋಣೆಯೇ 38 ಡಿಗ್ರಿ ಇರುವ ಮೇ ಮಧ್ಯಾಹ್ನದಲ್ಲಲ್ಲ. ಹತ್ತರಲ್ಲಿ ಹತ್ತು ಸಲವೂ ಇದು ಸರಿಯಾಗಿ ನಡೆದರೆ ಸೆನ್ಸರ್ ಕೆಟ್ಟಿಲ್ಲ, ಮತ್ತೆ ಗೋಡೆಗೆ, ಬೇರೆ ಜಾಗಕ್ಕೆ. ಡಬ್ಬಿಯ ಒಳಗೂ ಬಡಿದರೆ, ಅಥವಾ ಹತ್ತರಲ್ಲಿ ಐದಾರು ಸಲ ತಪ್ಪಿದರೆ, ಆಗ ಎಲೆಕ್ಟ್ರಿಷಿಯನ್ ಹೇಳಿದ್ದು ನಿಜವೆಂದು ಒಪ್ಪಿಕೊಂಡು ಹೊಸದನ್ನು ತರಿಸಬಹುದು.